ಬ್ಲಫ್‌ನ ಕರೆಂಟು, ನಮ್ಮನೆ ಫ್ರಿಜ್ಜು

ಹೋದ ಬೇಸಿಗೆಯಲ್ಲಿ ನಮ್ಮನೆ ಫ್ರಿಜ್ಜು ತಣ್ಣಗಾಗುವುದನ್ನೇ ನಿಲ್ಲಿಸಿತು. ಹಾಲು, ಸೊಪ್ಪು ಕೆಟ್ಟರೆ ಕೆಟ್ಟಿತು ಅಂತ ಸುಮ್ಮನಿರಬಹುದಿತ್ತು. ಆದರೆ ಅದರೊಳಗೆ ಅವ್ವನ ಇನ್ಸುಲಿನ್ ಇತ್ತು.

ರಿಪೇರಿಗೆ ಬಂದವರು ಹಿಂದೆಮುಂದೆ ನೋಡದೆ 'ಗ್ಯಾಸ್ ಖಾಲಿ' ಅಂದರು. ತುಂಬಿಸಿದೆವು, ದುಡ್ಡು ಕೊಟ್ಟೆವು. ಹದಿನೈದು ದಿನಕ್ಕೆ ಮತ್ತದೇ ಪಾಡು. ಕೊನೆಗೆ ಬೇರೆಯವರು ಬಂದು ನೋಡಿದಾಗ ಫ್ರೀಜರ್‌ನಲ್ಲಿ ಸೂಜಿಮೊನೆಯಷ್ಟು ತೂತು ಸಿಕ್ಕಿತು. ಕಟ್ಟಿದ್ದ ಐಸು ಬಿಡಿಸಲು ಅಲ್ಲಿ ಚಾಕು ಆಡಿಸಿದವನು ನಾನೇ. ತೂತು ಹುಡುಕದೆ ಗ್ಯಾಸ್ ತುಂಬಿದ್ದು ಒಡಕು ಬಿಂದಿಗೆಗೆ ನೀರು ಹುಯ್ದ ಹಾಗಾಗಿತ್ತು.

ರಿಪೇರಿ ಆಗುವ ತನಕ ಅವ್ವ ತನ್ನ ಹಳೇ ಉಪಾಯಕ್ಕೇ ಹೋದಳು. ದೊಡ್ಡ ಮಡಕೆಗೆ ಒದ್ದೆ ಮರಳು ಹಾಕಿ, ನಡುವೆ ಚಿಕ್ಕ ಕುಡಿಕೆ ಇಟ್ಟು, ಅದರೊಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಔಷಧಿ. ನಮ್ಮಜ್ಜಿ ಬೆಣ್ಣೆ ಇಡುತ್ತಿದ್ದದ್ದೂ ಹೀಗೆಯೇ. ನೀರು ಆವಿಯಾಗುವಾಗ ಮಡಕೆಯ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಒಳಗಿದ್ದದ್ದು ತಂಪಾಗುತ್ತದೆ.

ಮಡಕೆಯಿಂದ ಪೆಟ್ಟಿಗೆಗೆ

ಫ್ರಿಜ್ಜಿನ ಕೆಲಸವೂ ಇದೇ. 1748ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕಲೆನ್ ದ್ರವವನ್ನು ಆವಿ ಮಾಡಿ ತಂಪು ಹುಟ್ಟಿಸಬಹುದೆಂದು ತೋರಿಸಿದ. 1834ರಲ್ಲಿ ಲಂಡನ್ನಿನಲ್ಲಿ ಜೇಕಬ್ ಪರ್ಕಿನ್ಸ್ ಆ ಆವಿಯನ್ನು ಹೊರಗೆ ಬಿಡದೆ, ಒತ್ತಿ ಮತ್ತೆ ದ್ರವ ಮಾಡಿ, ಮುಚ್ಚಿದ ಕೊಳವೆಯೊಳಗೇ ತಿರುಗಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಕೆರೆಗಳ ಐಸು ಹಡಗಿನಲ್ಲಿ ಕಲ್ಕತ್ತಾಕ್ಕೆ ಬಂದು ಇಳಿದಿತ್ತು.

ಇಲ್ಲೊಂದು ಮಾತು ನೆನಪಿಡಿ. ಮಡಕೆಯ ನೀರು ಆರುತ್ತದೆ, ಮತ್ತೆ ಹುಯ್ಯಬೇಕು. ಫ್ರಿಜ್ಜಿನ ಗ್ಯಾಸು ಮುಚ್ಚಿದ ಕೊಳವೆಯಲ್ಲೇ ಸುತ್ತುವುದರಿಂದ ಬಳಸಿದಂತೆ ಮುಗಿಯುವುದಿಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಹುಟ್ಟಿದ್ದು ಇಲ್ಲಿ, ಬೆಳಗಿದ್ದು ಅಲ್ಲಿ

ಫ್ರಿಜ್ಜಿಗೆ ಕರೆಂಟು ಬೇಕಲ್ಲ. ಅದು ಹುಟ್ಟಿದ್ದು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಶಿವನಸಮುದ್ರದ ಕೆಲಸ ಮುಗಿದು, 1902ರ ಜೂನ್‌ನಲ್ಲಿ ಬ್ಲಫ್‌ನಿಂದ ಕರೆಂಟು ಹೊರಟಿತು. ಹೊರಟದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು, 1908ರಲ್ಲಿ ಮೈಸೂರು. ಕಾವೇರಿ ಧುಮುಕುವ ಸದ್ದು ಕೇಳುತ್ತಿದ್ದ ಹಳ್ಳಿಗಳಲ್ಲಿ ಆಮೇಲೂ ಬಹುಕಾಲ ಬುಡ್ಡಿ ದೀಪವೇ ಉರಿಯಿತು.

ಬ್ಲಫ್‌ಗೆ ವಿದ್ಯುತ್ ಯಂತ್ರ ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಅದೇ ಕಂಪನಿ 1927ರಲ್ಲಿ ಅಮೆರಿಕದ ಮನೆಗಳಿಗೆ ಫ್ರಿಜ್ಜು ಮಾರಲು ನಿಂತಿತು. ನಮ್ಮ ದೇಶದಲ್ಲಿ ಗೋದ್ರೆಜ್‌ನವರು ಫ್ರಿಜ್ಜು ತಯಾರಿಸಿದ್ದು 1958ರಲ್ಲಿ. ನಮ್ಮ ಮನೆಗೆ ಮೊದಲ ಫ್ರಿಜ್ಜು ಬಂದದ್ದು 2009ರಲ್ಲಿ. ಬ್ಲಫ್‌ನಲ್ಲಿ ಕರೆಂಟು ಹುಟ್ಟಿ ಆಗಲೇ 107 ವರ್ಷ ಆಗಿತ್ತು.

ಬಂದ ಕರೆಂಟಾದರೂ ಗಟ್ಟಿಯಿತ್ತೇ? ಕಬ್ಬಿಗೆ, ಭತ್ತಕ್ಕೆ ನೀರು ಹಾಯಿಸುವ ಪಂಪ್‌ಸೆಟ್ಟುಗಳೂ ಮನೆಯ ದೀಪಗಳೂ ಒಂದೇ ಲೈನಿನಲ್ಲಿದ್ದಾಗ, ಮೋಟಾರು ಶುರುವಾದರೆ ಬಲ್ಬು ಮಂಕಾಗುತ್ತಿತ್ತು. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಮನೆಗಳಿಗೆ ಬೇರೆ ಲೈನು ಬಂದ ಮೇಲೆ ಪರವಾಗಿಲ್ಲ. ಆದರೂ ಲೈನಿನ ತುದಿಯ ಮನೆಗಳಲ್ಲಿ ಕರೆಂಟು ಡಿಮ್ಮಾಗುವುದು ಇವತ್ತಿಗೂ ಇದೆ. ಡಿಮ್ಮಾದಾಗ ಕಂಪ್ರೆಸರ್ ತಿರುಗಲಾರದೆ ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಹಿಂಬದಿಯಲ್ಲಿ ಆಗಾಗ 'ಟಿಕ್' ಎಂದು ಸದ್ದು ಮಾಡಿ ನಿಲ್ಲುತ್ತಿದ್ದರೆ, ಅದು ಶುರುವಾಗಲು ಒದ್ದಾಡುತ್ತಿದೆ. ಪ್ಲಗ್ ಕಿತ್ತುಬಿಡಿ.

ಗ್ಯಾಸಿನದೂ ಒಂದು ಕತೆ

ಹಳೇ ಫ್ರಿಜ್ಜುಗಳಲ್ಲಿದ್ದದ್ದು ಸಿಎಫ್‌ಸಿ ಗ್ಯಾಸು. ಅದು ಆಕಾಶದ ಓಜೋನ್ ಪದರವನ್ನು ತಿನ್ನುತ್ತದೆಂದು ಗೊತ್ತಾಗಿ, 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು. ಆಮೇಲೆ ಆರ್-134ಎ ಬಂತು. ಈಗ ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ. ಇದು ಓಜೋನ್‌ಗೆ ಹಾನಿ ಮಾಡುವುದಿಲ್ಲ, ಆದರೆ ಅಡುಗೆ ಗ್ಯಾಸಿನಂತೆ ಹೊತ್ತಿಕೊಳ್ಳುತ್ತದೆ. ನಿಮ್ಮದು ಯಾವುದೆಂದು ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ. ಕೊಳವೆಗೆ ಬೆಸುಗೆ ಹಾಕಬೇಕಾದರೆ ಆ ಗ್ಯಾಸು ಬಲ್ಲವರೇ ಹಾಕಲಿ, ಕಿಟಕಿ ಬಾಗಿಲು ತೆರೆದಿರಲಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ

- ಪ್ಲಗ್ ಸಡಿಲವಿದೆಯಾ, ತಂಪಿನ ಗುಂಡಿ ಯಾರಾದರೂ ತಿರುಗಿಸಿದ್ದಾರಾ ನೋಡಿ.
- ಬಾಗಿಲ ಸಂದಿಗೆ ಕಾಗದದ ಚೂರು ಸಿಕ್ಕಿಸಿ ಮುಚ್ಚಿ. ಎಳೆದಾಗ ಸಲೀಸಾಗಿ ಬಂದರೆ ಬಾಗಿಲ ರಬ್ಬರು ಹಿಡಿಯುತ್ತಿಲ್ಲ. ಸೋಪುನೀರಿನಲ್ಲಿ ಒರೆಸಿ ನೋಡಿ, ಹರಿದಿದ್ದರೆ ಬದಲಿಸಿ.
- ಗೋಡೆಗೆ ಅಂಟಿಸಿ ಇಡಬೇಡಿ. ಹಿಂದೆ ಕಪ್ಪು ಕಂಬಿಗಳಿದ್ದರೆ, ಪ್ಲಗ್ ಕಿತ್ತು ದೂಳು ತೆಗೆಯಿರಿ. ಒಳಗಿನ ಶಾಖ ಹೊರಗೆ ಹೋಗುವ ದಾರಿ ಅದೇ.
- ಐಸು ದಪ್ಪಗೆ ಕಟ್ಟಿದ್ದರೆ ಆಫ್ ಮಾಡಿ, ಬಾಗಿಲು ತೆರೆದಿಟ್ಟು ತಾನಾಗಿ ಕರಗಲು ಬಿಡಿ. ಚಾಕು, ಸ್ಕ್ರೂಡ್ರೈವರ್ ಮುಟ್ಟಲೇಬೇಡಿ.
- ಕರೆಂಟು ಹೋಗಿ ಬಂದರೆ ಐದು ನಿಮಿಷ ಬಿಟ್ಟು ಆನ್ ಮಾಡಿ. ಡಿಮ್ಮಾಗುವ ಊರಾದರೆ ಸ್ಟೆಬಿಲೈಸರ್ ಇರಲಿ.
- 'ಗ್ಯಾಸ್ ಖಾಲಿ' ಅಂದರೆ ಒಂದೇ ಪ್ರಶ್ನೆ ಕೇಳಿ: 'ಎಲ್ಲಿ ಸೋರಿದೆ, ತೋರಿಸಿ.'

ಮನೆಯಲ್ಲಿ ಇನ್ಸುಲಿನ್ ಇದ್ದರೆ ಇನ್ನೊಂದು ಮಾತು. ಒಡೆಯದ ಬಾಟಲಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಫ್ರೀಜರ್‌ನಲ್ಲಿ ಇಡಬಾರದು, ಗಡ್ಡೆ ಕಟ್ಟಿದ್ದನ್ನು ಚುಚ್ಚಿಕೊಳ್ಳಬಾರದು. ಫ್ರಿಜ್ಜು ಕೆಟ್ಟು ಔಷಧಿ ಬಿಸಿಯಾಗಿತ್ತು ಅನ್ನಿಸಿದರೆ ಡಾಕ್ಟರನ್ನು ಕೇಳಿಯೇ ಬಳಸಿ.

ನಮ್ಮನೆ ಫ್ರಿಜ್ಜು ಈಗ ಸರಿಯಿದೆ. ಅದರ ಪಕ್ಕದಲ್ಲೇ ಅವ್ವ ಆ ಮರಳಿನ ಮಡಕೆಯನ್ನೂ ಇಟ್ಟುಕೊಂಡಿದ್ದಾಳೆ. ತೆಗೆದುಬಿಡು ಅಂದರೆ, 'ಕರೆಂಟು ಬಂದಿದ್ದು ನಿನ್ನೆ ಕಣಪ್ಪ, ಇದು ಮೊದಲಿಂದಲೂ ಐತೆ' ಅಂತಾಳೆ.