ದತ್ತಕ ಹೋದವರ ಹುಟ್ಟಿದ ಮನೆ

1986ರ ಶ್ರಾವಣದ ಒಂದು ಮಧ್ಯಾಹ್ನ ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯ ನಮ್ಮ ಮನೆಗೆ ಒಂದು ಕಾರ್ಡು ಬಂದಿತು. ತಂದೆಯವರು ಅದನ್ನು ಓದಿ, ಯಾರಿಗೂ ಏನೂ ಹೇಳದೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಸಾವಿನ ಕಾಗದ ಮನೆಯಲ್ಲಿ ಇರಬಾರದೆಂದು ಕಾರ್ಡನ್ನು ಹರಿದುಹಾಕಿದರು. ಮೂರು ದಿನ ದೇವರ ಕೋಣೆಗೆ ಹೋಗಲಿಲ್ಲ. ನಾಲ್ಕನೆಯ ದಿನ ಜನಿವಾರ ಬದಲಿಸಿ, ಎಂದಿನಂತೆ ಊಟದ ಡಬ್ಬಿ ಹಿಡಿದು ಕಾರ್ಖಾನೆಯ ಬಸ್ಸು ಹತ್ತಿದರು. ಯಾರು ತೀರಿಕೊಂಡರೆಂದು ಕೇಳಿದ್ದಕ್ಕೆ ತಾಯಿಯವರು "ನಿಮ್ಮಪ್ಪನ ಕಡೆಯವರು" ಎಂದಷ್ಟೇ ಹೇಳಿದರು. ಅಜ್ಜ ಅಜ್ಜಿ ಹೋದಾಗ ಹತ್ತು ದಿನದ ಸೂತಕವನ್ನು ಕಂಡಿದ್ದ ನನಗೆ ಈ ಮೂರು ದಿನದ ಲೆಕ್ಕ ಹತ್ತಲಿಲ್ಲ. ದತ್ತಕ ಹೋದ ಮಗ ಹೆತ್ತವರಿಗಾಗಿ ಹಿಡಿಯುವ ಸೂತಕ ಮೂರು ದಿನದ್ದು ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ.

ತಂದೆಯವರು ಈಗ ಇಲ್ಲ. ಅವರು ಹೋದ ಮರುವರ್ಷ ನನ್ನ ಮಗಳಿಗೆ ಭಾಲ್ಕಿ ಕಡೆಯಿಂದ ಒಂದು ಸಂಬಂಧ ಬಂದಿತು. ಜಾತಕ ಕೂಡಿತು, ಗೋತ್ರ ಬೇರೆ, ಎಲ್ಲರಿಗೂ ಒಪ್ಪಿಗೆ. ಆಗ ವರನ ಮನೆಯ ಹಿರಿಯರೊಬ್ಬರು ಸಮಾಧಾನವಾಗಿಯೇ ಕೇಳಿದರು: "ರಾಯರೆ, ನಿಮ್ಮ ತಂದೆಯವರು ದತ್ತಕ ಬಂದವರೆಂದು ಕೇಳೀವಿ. ಅವರ ಹುಟ್ಟಿದ ಮನೆ ಯಾವುದು?" ಉತ್ತರ ಕೊಡಬಲ್ಲವರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಪ್ರಶ್ನೆ ಹಳೆಯ ಕಾಲದ್ದು ಎಂದು ನಗುವವರುಂಟು. ಆದರೆ ಅದರ ಬೇರು ನಮ್ಮ ನೆಲದಲ್ಲೇ ಇದೆ. ಕೂಕಟ್‌ಪಲ್ಲಿಯ ಮುಂದೆ ಹಾದು ಹೋಗುವ ಮುಂಬಯಿ ರಸ್ತೆಯನ್ನೇ ಹಿಡಿದು ಪಟಾಣ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್, ಹುಮನಾಬಾದ್ ದಾಟಿದರೆ ಮೂರು-ಮೂರೂವರೆ ಗಂಟೆಯಲ್ಲಿ ಬಸವಕಲ್ಯಾಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಅಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ, ಬಂಗಾಲವೊಂದನ್ನು ಬಿಟ್ಟು ಬಹುಪಾಲು ಹಿಂದೂಸ್ಥಾನದ ನ್ಯಾಯಾಲಯಗಳು ಈ ಕಲ್ಯಾಣದ ಪಂಡಿತನ ಮಾತಿಗೇ ತಲೆಬಾಗಿದವು. ಸಪಿಂಡ ಎಂದರೆ ಪಿಂಡ ಹಾಕುವ ಸಂಬಂಧವಲ್ಲ, ಒಂದೇ ಶರೀರದ ಅಂಶ ಹಂಚಿಕೊಂಡು ಬಂದ ಸಂಬಂಧ ಎಂದು ಅವನು ಬಿಡಿಸಿದನು. ಇದರಿಂದ ದತ್ತಕನ ಸ್ಥಿತಿ ವಿಚಿತ್ರವಾಯಿತು. ಗೋತ್ರ ಹೋಯಿತು, ಆಸ್ತಿ ಹೋಯಿತು, ಹೆತ್ತ ತಂದೆಗೆ ಪಿಂಡ ಹಾಕುವ ಅಧಿಕಾರವೂ ಹೋಯಿತು. ಶರೀರದ ಅಂಶವನ್ನು ಮಾತ್ರ ಯಾವ ಹೋಮವೂ ತೆಗೆಯಲಾರದು. ಆದ್ದರಿಂದ ಲಗ್ನದ ಮಟ್ಟಿಗೆ ಹುಟ್ಟಿದ ಮನೆ ಹಾಗೆಯೇ ಉಳಿಯಿತು: ತಂದೆಯ ಕಡೆ ಏಳು ತಲೆ, ತಾಯಿಯ ಕಡೆ ಐದು ತಲೆ.

ಇಂದಿನ ಕಾಯಿದೆಯೂ ಈ ಎಳೆಯನ್ನು ಹರಿದಿಲ್ಲ. 1955ರ ಹಿಂದೂ ವಿವಾಹ ಕಾಯಿದೆ ತಲೆಗಳ ಲೆಕ್ಕವನ್ನು ಐದು ಮತ್ತು ಮೂರಕ್ಕೆ ಇಳಿಸಿತು. ಮರುವರ್ಷದ ದತ್ತಕ ಮತ್ತು ಜೀವನಾಂಶ ಕಾಯಿದೆಯು, ದತ್ತಕನಾದವನಿಗೆ ಹಳೆಯ ಮನೆಯ ಬಂಧಗಳೆಲ್ಲ ಕಡಿದವು ಎಂದು ಹೇಳಿದ ಉಸಿರಿನಲ್ಲೇ, ಹುಟ್ಟಿದ ಮನೆಯಲ್ಲಿದ್ದರೆ ಯಾರನ್ನು ಮದುವೆಯಾಗಬಾರದಿತ್ತೋ ಅವರನ್ನು ಈಗಲೂ ಆಗಬಾರದು ಎಂದು ಸೇರಿಸಿತು. ಹಾಗಾಗಿ ಭಾಲ್ಕಿಯ ಹಿರಿಯರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ನಮ್ಮಲ್ಲಿ ದತ್ತಕ ಎಂಬುದು ಗುಟ್ಟಿನ ಕೆಲಸವಾಗಿರಲಿಲ್ಲ. ಕೊಡುವವರು ತಮ್ಮ ಕೈಯಾರೆ ಕೊಡಬೇಕು, ಕೊಳ್ಳುವವರು ಉಡಿಯಲ್ಲಿ ಕೂರಿಸಿಕೊಳ್ಳಬೇಕು, ಬಂಧುಬಳಗ ನೋಡಬೇಕು. ಈ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ದತ್ತಕವೇ ಇಲ್ಲ. ಇಂಗ್ಲೆಂಡಿನಲ್ಲಿ ನಡೆದದ್ದು ಬೇರೆ. ಅಲ್ಲಿ ಹುಟ್ಟಿನ ಮೂಲ ದಾಖಲೆ ದತ್ತುಮಕ್ಕಳ ಕೈಗೆ ಸಿಗದಂತೆ ಸರಕಾರವೇ ಇಟ್ಟಿತ್ತು. ಬೆಳೆದ ಮಕ್ಕಳು ಅದನ್ನು ಕೇಳಿ ಪಡೆಯುವ ಹಕ್ಕು ಬಂದದ್ದು 1975ರ ಕಾಯಿದೆಯಿಂದ. ಸ್ಕಾಟ್ಲೆಂಡಿನಲ್ಲಿ ಮಾತ್ರ 1930ರಿಂದಲೇ ಆ ಹಕ್ಕಿತ್ತು. ಅನಾಥಾಲಯಗಳಿಂದ ದತ್ತಕ ಹೋದ ನಮ್ಮ ದೇಶದ ಮಕ್ಕಳಿಗೂ ಮೂಲವನ್ನು ಹುಡುಕುವ ಅವಕಾಶ ಈಗಿನ ದತ್ತಕ ನಿಯಮಗಳಲ್ಲಿ ಇದೆ. ಹೆತ್ತವಳ ಗುಟ್ಟನ್ನು ಕಾಯುವ ಹೊಣೆಯೂ ಅದರ ಜೊತೆಗೇ ಇದೆ. ನಮ್ಮ ತಂದೆಯವರಂಥವರ ವಿಷಯದಲ್ಲಿ ಬೀಗ ಹಾಕಿದವರು ಯಾರೂ ಇಲ್ಲ. ಊರಿಗೆ ಊರೇ ಬಲ್ಲ ಸಂಗತಿ ಅದು. ಊರು ಬಿಟ್ಟು ಬಂದವರು ನಾವು.

ಚರಿತ್ರೆಯಲ್ಲಿ ಹೆಸರಾದ ದತ್ತಕರ ಹುಟ್ಟಿದ ಮನೆಗಳು ಮರೆಯಾಗಿಲ್ಲ, ಏಕೆಂದರೆ ಅವುಗಳಿಗಾಗಿ ಜಗಳವಾಯಿತು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗ ರುದ್ರಸರ್ಜ ಸಾಯುವ ಮುನ್ನ ಮಾಸ್ತಮರಡಿ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡನು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತನು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಕೂಸನ್ನು ದತ್ತಕ ಪಡೆದರು. ಇಂಗ್ಲಿಷರು ಅದಕ್ಕೆ ತಲೆದೂಗಿದ್ದು 1867ರಲ್ಲಿ. ಆ ಕೂಸೇ 1881ರಲ್ಲಿ ರಾಜ್ಯವನ್ನು ಮರಳಿ ಪಡೆದ ಚಾಮರಾಜೇಂದ್ರ ಒಡೆಯರು. ಅರಸರ ಮನೆಯ ದತ್ತಕಕ್ಕೆ ರಾಜ್ಯವೇ ಸಾಕ್ಷಿ. ಕುಲಕರ್ಣಿಯ ಮನೆಯ ದತ್ತಕಕ್ಕೆ?

ಅದಕ್ಕೂ ಸಾಕ್ಷಿ ಇರುತ್ತದೆ, ಹುಡುಕುವ ಜಾಗ ತಿಳಿದಿದ್ದರೆ. ಪಟೇಲಕಿ, ಕುಲಕರ್ಣಿಕೆ, ಇನಾಮು ಜಮೀನು ಇದ್ದ ಮನೆಗಳಲ್ಲಿ ದತ್ತಕ ನಡೆಯುತ್ತಿದ್ದುದೇ ಬಹುಮಟ್ಟಿಗೆ ವತನ ಉಳಿಸಿಕೊಳ್ಳಲು. ಇನಾಮುದಾರ ತೀರಿಕೊಂಡಾಗ ನಿಜಾಮ ಸರಕಾರ ವಿರಾಸತ್ ವಿಚಾರಣೆ ನಡೆಸುತ್ತಿತ್ತು. ವಾರಸುದಾರರು ಯಾರು, ಯಾರ ಮಕ್ಕಳು ಎಂಬ ವಂಶವೃಕ್ಷ ಅದರಲ್ಲಿ ಬರುತ್ತಿತ್ತು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರಿಗೆ ಸೇರಿದರೂ ನಿಜಾಮರ ಕಾಲದ ದೊಡ್ಡ ಕಚೇರಿಗಳ ಕಾಗದಗಳು ಹೈದರಾಬಾದಿನಲ್ಲೇ ಉಳಿದವು. ಇಂದು ಅವು ತಾರ್ನಾಕಾದ ಪತ್ರಾಗಾರದಲ್ಲಿವೆ. ಊರು ಬಿಟ್ಟು ಬಂದ ನಾವು ಊರಿನ ಕಾಗದಗಳ ನೆರೆಯಲ್ಲೇ ಬಂದು ಕೂತಿದ್ದೇವೆ. ನಮ್ಮಲ್ಲಿ ಎಷ್ಟು ಮಂದಿ ಆ ಕಟ್ಟಡದ ಮೆಟ್ಟಿಲು ಹತ್ತಿದ್ದೇವೆ?

ಹತ್ತುವವರಿಗೆ ಎರಡು ಮೂರು ಸೂಚನೆ. 1884ರ ಸುಮಾರಿನವರೆಗೆ ಕಚೇರಿಯ ಭಾಷೆ ಫಾರಸಿ, ಆಮೇಲೆ ಉರ್ದು. ಹಳ್ಳಿಯ ದಫ್ತರ ಬಹಳ ಕಡೆ ಮೋಡಿ ಲಿಪಿಯಲ್ಲಿರುತ್ತದೆ. ಇಸವಿಯ ಬದಲು ಫಸಲಿ ಇರುತ್ತದೆ. ಅದಕ್ಕೆ 590 ಸೇರಿಸಿದರೆ ಇಸವಿ ಸುಮಾರಾಗಿ ಸಿಗುತ್ತದೆ. ಅಂದಿನ ಬೀದರ ಜಿಲ್ಲೆಯೂ ಇಂದಿನದಲ್ಲ. ಉದಗೀರ, ನಿಲಂಗಾ, ಅಹಮದಪುರ ಈಗ ಮಹಾರಾಷ್ಟ್ರದಲ್ಲಿವೆ. ಜಹೀರಾಬಾದ್, ನಾರಾಯಣಖೇಡ ತೆಲಂಗಾಣದಲ್ಲಿವೆ. ಎಲ್ಲಕ್ಕಿಂತ ಮುಖ್ಯವಾಗಿ, ದತ್ತಕ ಹೋದ ಹುಡುಗನಿಗೆ ಹೊಸ ಹೆಸರಿಡುವ ವಾಡಿಕೆ ಬಹಳ ಮನೆಗಳಲ್ಲಿತ್ತು. ಹೆಸರು ಹಿಡಿದು ಹುಡುಕಿದರೆ ಸಿಕ್ಕುವುದಿಲ್ಲ.

ನಮ್ಮ ಮನೆಯ ಟ್ರಂಕಿನ ತಳದಲ್ಲಿ ಒಂದು ಛಾಪಾ ಕಾಗದ ಸಿಕ್ಕಿತು. ಹೈದರಾಬಾದಿನಲ್ಲಿ ಇಷ್ಟು ವರ್ಷವಿದ್ದು ಉರ್ದು ಮಾತು ನೀರು ಕುಡಿದಂತೆ ಆಡುವ ನಾನು ಒಂದು ಅಕ್ಷರ ಓದಲಾರದೆ, ಹಳೆಯ ಊರಿನ ಒಬ್ಬ ವೃದ್ಧ ಮುನ್ಷಿಯವರ ಮುಂದೆ ಹೋಗಿ ಕೂತೆ. ಅವರು ಕನ್ನಡಕ ಸರಿಪಡಿಸಿಕೊಂಡು ಓದಿದರು: ಫಸಲಿ 1353, ಎಂದರೆ 1943-44. ಕೊಟ್ಟವರ ಹೆಸರು ಇದೆ, ಅಡ್ಡಹೆಸರು ಇಲ್ಲ. ಊರಿನ ಹೆಸರಿಗೆ ಬಂದಾಗ ಅವರು ನಿಂತರು. ನಮ್ಮ ಊರ ಹೆಸರುಗಳು ಆ ಲಿಪಿಯಲ್ಲಿ ಪಡುವ ಪಾಡು ಹೇಳತೀರದು. ಹ್ರಸ್ವ ಸ್ವರ ಬರೆಯುವುದಿಲ್ಲ, ಳಕಾರವೇ ಇಲ್ಲ. ಬಸವಕಲ್ಯಾಣದ ಹತ್ತಿರದ ಮುಡಬಿಯನ್ನು ಮಡಬಿ ಎಂದೂ ಓದಬಹುದು, ಮಿಡಬಿ ಎಂದೂ ಓದಬಹುದು. ಮೇಲಿನ ಒಂದು ಚುಕ್ಕೆಯನ್ನು ಗೆದ್ದಲು ತಿಂದಿದ್ದರೆ ಊರೇ ಬೇರೆ. "ಸಾಬ್, ಇದು ನಿಮ್ಮ ಕಡೆಯ ಮುದುಕರಿಗೇ ತಿಳಿಯಬೇಕು" ಎಂದು ಅವರು ಕಾಗದ ಮಡಿಸಿ ಕೊಟ್ಟರು.

ನಮ್ಮ ಕಾಲೊನಿಯ ಗೆಳೆಯರೊಬ್ಬರ ಅದೃಷ್ಟ ಇದಕ್ಕಿಂತ ಚೆನ್ನಾಗಿತ್ತು. ಅವರದು ಲಿಂಗಾಯತ ಒಕ್ಕಲು ಮನೆತನ. ಅವರ ಮನೆಗೆ ಹೆಳವರು ಇದ್ದಾರೆ. ಬೆಳಗಾವಿ, ವಿಜಾಪುರ, ಗುಲಬರ್ಗಾ, ಬೀದರ ಸೀಮೆಯವರಿಗೆ ಹೆಳವರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಕಟ್ಟೆಯ ಮೇಲೆ ಕೂತು ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನವರೆಗೆ ಹೆಸರು ಹೊಗಳುವವರು ಅವರು. ಕಾಲಿಲ್ಲದ ತಮ್ಮ ಮೂಲಪುರುಷನನ್ನು ಬಸವಣ್ಣನೇ ಎತ್ತಿನ ಮೇಲೆ ಕೂರಿಸಿ ಗಂಟೆ ಕೊಟ್ಟನೆಂದು ಹೇಳಿಕೊಳ್ಳುತ್ತಾರೆ. ಮೊದಲು ತಾಳೆಗರಿ, ತಾಮ್ರಪಟ, ಆಮೇಲೆ ಉದ್ದನೆಯ ವಹಿ. ಯಾರು ಯಾವ ಊರಿನಿಂದ ಗುಳೆ ಬಂದರು, ಯಾವ ಬರದಲ್ಲಿ, ಎಷ್ಟು ಮಂದಿ ಅಣ್ಣತಮ್ಮಂದಿರು, ಯಾರು ದತ್ತಕ ಹೋದರು, ಎಲ್ಲವೂ ಅದರಲ್ಲಿ. ಕಾಳು, ಬಟ್ಟೆ, ಅನುಕೂಲವಿದ್ದವರು ಒಂದು ಕರು ಕೊಟ್ಟರೆ ಆ ದಾನವನ್ನೂ ಬರೆದುಕೊಳ್ಳುತ್ತಾರೆ. ತೆಲುಗು ಸೀಮೆಯಲ್ಲಿ ರೆಡ್ಡಿ, ಕಾಪು ಮನೆಗಳಿಗೆ ಇದೇ ಕೆಲಸ ಮಾಡುವವರು ಪಿಚ್ಚಿಗುಂಟ್ಲವರು. ಗೆಳೆಯರು ಸುಗ್ಗಿ ಮುಗಿದ ಮೇಲೆ ಊರಿಗೆ ಹೋಗಿ ಹದಿನೈದು ದಿನ ಕಾದರು. ಹೆಳವ ಬಂದ, ಅವರ ತಂದೆ ಹುಟ್ಟಿದ ಮನೆಯನ್ನು ಹೇಳಲು ಅವನಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಗೆ ಎತ್ತು ಬರುವುದಿಲ್ಲ, ನಾವೇ ಹೋಗಬೇಕು.

ಕಾಶಿ, ಗಯಾ, ತ್ರ್ಯಂಬಕೇಶ್ವರದ ಪಂಡರ ವಹಿಗಳೂ ಇಂಥವೇ. ಯಾತ್ರಿಕರ ಹೆಸರು ಅಲ್ಲಿ ಊರಿನ ಮೇಲೆ, ಜಾತಿಯ ಮೇಲೆ ಹೊಂದಿಸಿರುತ್ತದೆ. 1970ರ ದಶಕದ ಕೊನೆಯಿಂದ ಅಮೆರಿಕದ ಯೂಟಾದ ವಂಶಾವಳಿ ಸಂಘದವರು ಹರಿದ್ವಾರ ಮೊದಲಾದ ಕ್ಷೇತ್ರಗಳ ವಹಿಗಳನ್ನು ಮೈಕ್ರೋಫಿಲ್ಮ್ ಮಾಡಿಕೊಂಡರು. ನಮ್ಮ ಮುತ್ತಜ್ಜಂದಿರ ಸಹಿಗಳಿಗೆ ನಮಗಿಂತ ಮೊದಲು ಗಿರಾಕಿಗಳು ಸಿಕ್ಕರು. ಈಗ ಉಗುಳು ಪರೀಕ್ಷೆ ಮಾಡಿ ಸಂಬಂಧಿಕರನ್ನು ಹುಡುಕಿಕೊಡುವ ಕಂಪನಿಗಳೂ ಇವೆ. ಆದರೆ ಸೋದರಸಂಬಂಧಿಯೂ ಅಲ್ಲಿ ಪರೀಕ್ಷೆ ಮಾಡಿಸಿದ್ದರೆ ತಾನೆ ಗುರುತು ಸಿಗುವುದು? ಹುಮನಾಬಾದ್ ತಾಲೂಕಿನ ಮುದುಕರು ಆ ಪಟ್ಟಿಯಲ್ಲಿ ಸಿಗುವ ಆಸೆ ನನಗಿಲ್ಲ.

ದತ್ತಕ ಬಂದವರು ತಂದೆಯಾಗಿರದೆ ತಾಯಿಯಾಗಿದ್ದರೆ ಹುಡುಕಾಟ ಇನ್ನೂ ಕಷ್ಟ. 1956ಕ್ಕೆ ಮುಂಚೆ ಶಾಸ್ತ್ರದ ಪ್ರಕಾರ ದತ್ತಕವೆಂದರೆ ಗಂಡುಮಗುವೇ. ಹೆಣ್ಣುಮಗುವನ್ನು ಸಾಕಿಕೊಳ್ಳುತ್ತಿದ್ದರು, ಅಷ್ಟೆ. ಹೋಮವಿಲ್ಲ, ಪತ್ರವಿಲ್ಲ, ವಿರಾಸತ್ತಿನ ಕಾಗದದಲ್ಲಿ ಹೆಸರಿಲ್ಲ. ವಂಶಾವಳಿಗಳೂ ಹೆಚ್ಚಾಗಿ ಗಂಡಸರ ಹೆಸರುಗಳೇ. ಅಂಥ ತಾಯಂದಿರ ಹುಟ್ಟಿದ ಮನೆಯನ್ನು ಕೇಳಬೇಕಾದದ್ದು ಹೆಂಗಸರನ್ನು: ಯಾರ ಮನೆಯಿಂದ ಬಾಣಂತನಕ್ಕೆ ಖಾರದ ಪುಡಿ ಬಂತು, ಎರಡನೆಯ ಉಡಿ ತುಂಬಿದವರು ಯಾರು, ಲಗ್ನದಲ್ಲಿ ಮೂಲೆಯಲ್ಲಿ ನಿಂತು ಅತ್ತವಳು ಯಾರು.

ನನ್ನ ಕಾಗದದ ಗಂಟೂ ಕೊನೆಗೆ ಬಿಡಿಸಿದ್ದು ಹಾಗೆಯೇ. ತಂದೆಯವರ ದತ್ತಕದ ಅಕ್ಕ, ನಮ್ಮ ಸೋದರತ್ತೆ, ಎಂಬತ್ತೈದು ದಾಟಿದವರು, ಬೀದರದಲ್ಲಿ ಮಗನ ಮನೆಯಲ್ಲಿದ್ದಾರೆ. ಅವರನ್ನು ಮೊದಲೇ ಕೇಳಬಹುದಾಗಿತ್ತು. ಕೇಳಿದರೆ ನೊಂದಾರು, ತಮ್ಮ ಇನ್ನೊಬ್ಬರ ಮಗನೆಂದು ನಾವು ಎಣಿಸಿದೆವು ಎಂದುಕೊಂಡಾರು ಎಂದು ಹಿಂಜರಿದಿದ್ದೆ. ಕೇಳಿದಾಗ ಅವರು ನಕ್ಕರು. "ಅದಕ್ಕ ಇಷ್ಟು ತಿರಗಾಡಿದೇನೋ? ನಿಮ್ಮಪ್ಪನ ಹಡೆದವ್ವ ವರ್ಷಾ ಪಂಚಮಿಗೆ ಉಂಡಿ ಕಳಸ್ತಿದ್ರು. ಸಂತಿಗೆ ಬರೋವ್ರ ಕೈಲಿ, ಬಿಳಿ ಅರಿವಿ ಗಂಟು ಕಟ್ಟಿ. ನಮ್ಮವ್ವ ಎಲ್ಲಾರಿಗೂ ಹಂಚಿ ಕೊಡಾಕಿ. ಅಂವ ಮಾತ್ರ ನಮ್ಮವ್ವನ ಮುಂದ ತಿಂತಿದ್ದಿಲ್ಲ. ಎತ್ತಿಟ್ಟು ಕತ್ತಲಾದ ಮ್ಯಾಲ ತಿಂತಿದ್ದ." ಊರಿನ ಹೆಸರನ್ನು ಒಂದೇ ಉಸಿರಿಗೆ ಹೇಳಿದರು. ಮುನ್ಷಿಯವರು ಓದಲಾರದೆ ಬಿಟ್ಟ ನಾಲ್ಕು ಅಕ್ಷರಕ್ಕೆ ಅದು ಸರಿಯಾಗಿ ಹೊಂದಿತು. 1986ರ ಕಾರ್ಡು ಆ ತಾಯಿಯದು. ಆ ವರ್ಷ ಪಂಚಮಿಗೆ ಉಂಡಿ ಬಂದಿರಲಿಲ್ಲವೆಂದೂ ಅತ್ತೆಯವರಿಗೆ ನೆನಪಿತ್ತು.

ಭಾಲ್ಕಿಯ ಸಂಬಂಧ ಅಷ್ಟರಲ್ಲಿ ಬೇರೆ ಕಾರಣದಿಂದ ನಿಂತುಹೋಗಿತ್ತು. ಆದರೂ ನಾವು ಹೋದೆವು. ಮಿಯಾಪುರದಿಂದ ಬಸ್ಸು, ಹುಮನಾಬಾದಿನಲ್ಲಿ ಇಳಿದು ಆಟೋ. ಮನೆಯ ಅರ್ಧ ಬಿದ್ದಿದೆ. ಉಳಿದರ್ಧದಲ್ಲಿ ತಂದೆಯವರ ತಮ್ಮನ ಮಗ ಇದ್ದಾರೆ. ನನ್ನ ಮುಖ ನೋಡಿದವರೇ ಯಾರೆಂದು ಕೇಳದೆ ಒಳಗೆ ಕರೆದು ನೀರು ಕೊಟ್ಟರು. ಜಗುಲಿಯ ಗೂಡಿನಿಂದ, ಎಣ್ಣೆ ಕುಡಿದು ಕಪ್ಪಾದ ಒಂದು ವಹಿ ತೆಗೆದು ನಮ್ಮ ಮುಂದೆ ಇಟ್ಟರು. ಅವರ ಅಜ್ಜನ ಕೈಬರಹ. ಐವರು ಗಂಡುಮಕ್ಕಳ ಹೆಸರು ಒಂದರ ಕೆಳಗೊಂದು. ನಾಲ್ಕನೆಯದು ನಾನು ಎಂದೂ ಕೇಳಿರದ ಒಂದು ಹೆಸರು. ಅದರ ಮುಂದೆ ಫಸಲಿ 1353, ದತ್ತಕ ಹೋದನು, ಎಂದಿದೆ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ, ತಂದೆಯವರ ಲಗ್ನದ ತಿಥಿ, ನನ್ನ ಹುಟ್ಟಿದ ದಿನ, ನನ್ನ ತಂಗಿಯದು, ಮತ್ತು ಕೂಕಟ್‌ಪಲ್ಲಿಯ ನಮ್ಮ ಮನೆಯ ನಂಬರು.