ಅಜ್ಜನ ಕ್ಯಾಮೆರಾ ಯಾವುದಿತ್ತು?

‘ಕರಿ ಡಬ್ಬಿ, ಬೆನ್ನಿಗೊಂದು ಕೆಂಪು ಕಿಟಕಿ.’ ಹೆಸರು ಮರೆತರೂ ಇಷ್ಟು ನೆನಪಿದ್ದರೆ ಅರ್ಧ ಗುರುತು ಸಿಕ್ಕಂತೆ. ಅದು ರೋಲ್ ಫಿಲ್ಮಿನ ಕ್ಯಾಮೆರಾ. ಫಿಲ್ಮಿನ ಬೆನ್ನಿಗಿದ್ದ ಕಾಗದದ ಅಂಕಿ ಆ ಕಿಟಕಿಯಲ್ಲಿ ಕಾಣುತ್ತಿತ್ತು. ಮೊದಮೊದಲ ಫಿಲ್ಮಿಗೆ ಕೆಂಪು ಬೆಳಕು ನಾಟುತ್ತಿರಲಿಲ್ಲ. ಕಿಟಕಿಗೆ ಆ ಬಣ್ಣ ಬಂದದ್ದು ಅದಕ್ಕೇ.

ಮುಂದಿನ ಪ್ರಶ್ನೆ: ಒಂದು ರೋಲಿಗೆ ಎಷ್ಟು ಫೋಟೊ? 120 ಫಿಲ್ಮಿನಲ್ಲಿ 12 ಎಂದರೆ ಚೌಕ ಚಿತ್ರ, 8 ಎಂದರೆ ಉದ್ದನೆಯದು. ಚೌಕ ಚಿತ್ರ, ಕಣ್ಣಿಗೆ ಹಿಡಿದು ನೋಡುವ ಕಿಂಡಿ, ಬಿಸಿಲು–ಮೋಡದ ಗುರುತು ಮೂರೂ ನೆನಪಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3. ಬಳ್ಳಾರಿಯ ಬಿಸಿಲಿಗೆ ಮೋಡದ ಗುರುತು ಎಷ್ಟು ದಿನ ಬೇಕಾಯಿತೋ!

ಎದೆಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ ನೋಡುತ್ತಿದ್ದರೇ? ಲೆನ್ಸ್ ಎರಡು, ಒಂದರ ಮೇಲೊಂದು ಇದ್ದವೇ? ಹಾಗಾದರೆ ರೋಲಿಫ್ಲೆಕ್ಸ್, ಯಾಶಿಕಾ ಜಾತಿಯದು. ಅದರ ಗಾಜಿನಲ್ಲಿ ಎಡಬಲ ಅದಲುಬದಲು: ಕುರುಗೋಡಿನ ದೊಡ್ಡಬಸವೇಶ್ವರನ ತೇರು ಬಲಕ್ಕೆ ಹೊರಟರೆ ಗಾಜಿನೊಳಗೆ ಎಡಕ್ಕೆ ಸಾಗುತ್ತದೆ. ಫಿಲ್ಮಿನ ಎರಡೂ ಅಂಚಿಗೆ ತೂತುಗಳ ಸಾಲಿದ್ದರೆ ಅದು 35 ಮಿಲಿಮೀಟರಿನದು.

ನೆನಪಿಗಿಂತ ನೆಗೆಟಿವ್ ಹೆಚ್ಚು ನಂಬಿಕಸ್ಥ. ಪ್ರಿಂಟನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು, ನೆಗೆಟಿವ್ ಇದ್ದಷ್ಟೇ ಇರುತ್ತದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮನೆಗಳ ಟ್ರಂಕಿನಲ್ಲಿ ಅಂಥವು ಸಿಕ್ಕರೆ ದಯವಿಟ್ಟು ಎಸೆಯಬೇಡಿ. ಅಂಚು ಹಿಡಿದು ಎತ್ತಿ, ಸ್ಕೇಲಿಟ್ಟು ಅಳೆಯಿರಿ.