ಶಹಾಬಾದ್ ಹಾಸುಗಲ್ಲು: ಸ್ತೂಪದಿಂದ ಕಾರು ಶೆಡ್ಡಿನವರೆಗೆ

ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಎರೆಮಣ್ಣಿನ ಅಡಿಗೆ ಹಾಸಿಕೊಂಡಿರುವ ಸುಣ್ಣದಕಲ್ಲು ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಶೇಖರಗೊಂಡ ಕೆಸರು ಗಟ್ಟಿಯಾಗಿ ರೂಪುಗೊಂಡದ್ದು. ಪದರಗಳು ಸಮತಟ್ಟಾಗಿದ್ದು, ನೇರವಾಗಿ ಇಳಿದ ಸಹಜ ಬಿರುಕುಗಳು ಅವನ್ನು ಅಡ್ಡಡ್ಡಲಾಗಿ ಸೀಳಿರುವುದರಿಂದ, ಗಣಿಯ ಕೆಲಸಗಾರರು ಉಳಿ ಸುತ್ತಿಗೆಗಳಿಂದ ಪದರದ ಅಂಚನ್ನು ಬಿಡಿಸಿ, ಹಾರೆಯಿಂದ ಮೀಟಿ, ಒಂದೆರಡು ಅಂಗುಲ ದಪ್ಪದ ಚಪ್ಪಡಿಯನ್ನು ಇಡಿಯಾಗಿ ಎತ್ತಬಲ್ಲರು. ಗರಗಸವಿಲ್ಲದ ಕಾಲದಲ್ಲಿ ಕಲ್ಲೇ ಒದಗಿಸಿಕೊಟ್ಟ ಈ ಅನುಕೂಲವೇ ಅದರ ಪ್ರಸಿದ್ಧಿಗೆ ಮೂಲ.

ಭೀಮಾ ತೀರದ ಸನ್ನತಿಗೆ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಹೊದಿಸಿದ ಶಿಲ್ಪಫಲಕಗಳು ಸುಣ್ಣದಕಲ್ಲಿನವೇ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವೂ ಇದೇ ಶಿಲಾಪ್ರದೇಶದಲ್ಲಿದೆ. ಆದರೆ ಭಾರವಾದ ಚಪ್ಪಡಿಯನ್ನು ಎತ್ತಿನ ಗಾಡಿಯಲ್ಲಿ ಬಹುದೂರ ಸಾಗಿಸುವುದು ದುಬಾರಿಯಾಗಿತ್ತು. 1871ರಲ್ಲಿ ಮುಂಬಯಿಯ ರೈಲುಮಾರ್ಗ ಶಹಾಬಾದ್, ವಾಡಿಗಳನ್ನು ಹಾದು ರಾಯಚೂರನ್ನು ಮುಟ್ಟಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೂ ರೈಲು ಓಡಿತು. ನಿಜಾಮರ ಆಳ್ವಿಕೆಯಲ್ಲಿದ್ದ ಊರೊಂದರ ಹೆಸರು ದೂರದ ಪಟ್ಟಣಗಳಲ್ಲಿ ಕಲ್ಲಿನ ಹೆಸರಾಗಿ ನೆಲೆಯೂರಲು ಈ ಕೂಡುಮಾರ್ಗ ದಾರಿ ಮಾಡಿಕೊಟ್ಟಿತು.

ಅದೇ ಸುಣ್ಣದಕಲ್ಲನ್ನು ಜೇಡಿಯೊಂದಿಗೆ ಸುಟ್ಟು ಅರೆದರೆ ಸಿಮೆಂಟು. 1936ರಲ್ಲಿ ಹಲವು ಕಂಪನಿಗಳು ಒಂದಾಗಿ ಎಸಿಸಿ ರೂಪುಗೊಂಡಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅವುಗಳಲ್ಲಿ ಸೇರಿತ್ತು. ಮುಂದೆ ಸಿಮೆಂಟಿನ ಗಾರೆ, ಮೊಸಾಯಿಕ್, ವಿಟ್ರಿಫೈಡ್ ಟೈಲ್ಸ್ ಒಂದರ ಹಿಂದೊಂದು ಬಂದು ನಡುಮನೆಯ ನೆಲವನ್ನು ಆಕ್ರಮಿಸಿದಾಗ, ಹಾಸುಗಲ್ಲು ಅಂಗಳಕ್ಕೂ ಕಾರು ಶೆಡ್ಡಿಗೂ ಸರಿಯಿತು. ಇದನ್ನು ಕಲ್ಲಿನ ಅವನತಿ ಎನ್ನಲಾಗದು. ಒರಟು ಮುಖದ ಶಹಾಬಾದ್ ಕಲ್ಲಿಗೆ ವಾಹನ ನಿಲ್ಲುವ ಜಾಗದಷ್ಟು ಒಪ್ಪುವ ಸ್ಥಳ ಮನೆಯೊಳಗೆ ಬೇರೊಂದಿಲ್ಲ. ಮಳೆಯಲ್ಲಿ ತೊಯ್ದು ಬಂದ ಟೈರು ಅದರ ಮೇಲೆ ಜಾರುವುದಿಲ್ಲ. ನಯಗೊಳಿಸಿದ ಕಲ್ಲನ್ನು ಅಲ್ಲಿ ಹಾಸುವುದು ಮಾತ್ರ ತಪ್ಪು ಆಯ್ಕೆ: ಸುಣ್ಣದಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಗಡಸುತನ ಮೋಸ್ ಮಾಪನದಲ್ಲಿ 3, ಮರಳಿನ ಕ್ವಾರ್ಟ್ಜ್‌ನದು 7, ಟೈರಿಗಂಟಿದ ಮರಳು ದಿನವೂ ಉಜ್ಜಿ ಆ ಹೊಳಪನ್ನು ಕೆಡಿಸುತ್ತದೆ.

ಬಾಳಿಕೆಯ ವಿಚಾರದಲ್ಲಿ ಕಲ್ಲಿನಷ್ಟೇ ಮುಖ್ಯವಾದದ್ದು ಅದರ ಅಡಿಯ ಹಾಸು. ಮಣ್ಣಿಗೆ ನೀರು ಬಿಟ್ಟು ದಮ್ಮಸು ಮಾಡಿ, ಎಂದರೆ ಕುಟ್ಟಿ ಬಿಗಿಗೊಳಿಸಿ, ಅದರ ಮೇಲೆ ಜಲ್ಲಿ ಕಾಂಕ್ರೀಟು ಹಾಕಿ, ಗಾರೆಯನ್ನು ಮೂಲೆಮೂಲೆಗೂ ತುಂಬಿ ಚಪ್ಪಡಿಯನ್ನು ಕೂರಿಸಬೇಕು. ಅನುಭವಿ ಗಾರೆಯವರು ಕರಣಿಯ ಹಿಡಿಯಿಂದ ಕಲ್ಲನ್ನು ಅಲ್ಲಲ್ಲಿ ತಟ್ಟಿ, ಪೊಳ್ಳು ಸದ್ದು ಬಂದರೆ ಅದನ್ನು ಎಬ್ಬಿಸಿ ಗಾರೆ ಸೇರಿಸಿ ಮತ್ತೆ ಕೂರಿಸುತ್ತಾರೆ, ಏಕೆಂದರೆ ಕೆಳಗೆ ಟೊಳ್ಳುಳಿದ ಚಪ್ಪಡಿ ನಡೆಯುವವರ ಭಾರವನ್ನು ತಾಳಿದರೂ ಕಾರಿನ ಚಕ್ರದ ಕೆಳಗೆ ಬಿರಿಯುತ್ತದೆ. ಸೋರಿದ ಎಂಜಿನ್ ಆಯಿಲ್ ಕಲೆಯನ್ನಷ್ಟೇ ಉಳಿಸೀತು; ಬ್ಯಾಟರಿಯ ಆಮ್ಲವೂ ಶೌಚಾಲಯ ತೊಳೆಯುವ ಆ್ಯಸಿಡ್ಡೂ ಕಲ್ಲನ್ನೇ ತಿನ್ನುತ್ತವೆ, ಸಿಮೆಂಟಿನ ನೆಲವನ್ನೂ ಬಿಡುವುದಿಲ್ಲ.